ಎಡಗಣ್ಣಿನ ಕತ್ತಲೆ: ಡೆಕ್ ಮೇಲೆ ಸಿಡಿದ ಉಕ್ಕಿನ ಚೂರು, ಎಂಟು ತಿಂಗಳ ನಂತರ ಮಲೆನಾಡಿನಲ್ಲಿ ಸಿಕ್ಕಿದ್ದು

ಇದು ಕಲಿಕೆಗಾಗಿ ಹೆಣೆದ ಪ್ರಕರಣ. ಇಲ್ಲಿನ ರೋಗಿ ಯಾರೋ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಇಂಥ ಗಾಯಗಳಲ್ಲಿ ಕಾಣುವ ಲಕ್ಷಣಗಳನ್ನೂ ಆಗುವ ಎಡವಟ್ಟುಗಳನ್ನೂ ಒಬ್ಬನ ಮೇಲೆ ತಂದು, ಅಳತೆಗಳ ಸಮೇತ ಬರೆದಿದೆ. ಗಾಯದ ಸ್ವಭಾವ, ಪರೀಕ್ಷೆ, ಚಿಕಿತ್ಸೆಯ ವಿವರಗಳು ಮಾತ್ರ ನೇತ್ರವೈದ್ಯರು ದಿನವೂ ನಂಬಿ ಕೆಲಸ ಮಾಡುವಂಥವು.

ರೋಗಿ ನೌಕಾಪಡೆಯ 27 ವರ್ಷದ ನಾವಿಕ. ಊರು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಕಡೆಯ ಹಳ್ಳಿ, ಮನೆಯಲ್ಲಿ ಅಡಿಕೆ ತೋಟ. ಡಿಸೆಂಬರಿನಲ್ಲಿ ಕೊಯ್ಲಿಗೆಂದು ರಜೆ ಹಾಕಿ ಬಂದಿದ್ದ. ಹಿಂದೆಂದೂ ಕನ್ನಡಕ ಹಾಕಿದವನಲ್ಲ. ಸಕ್ಕರೆ ಕಾಯಿಲೆಯಿಲ್ಲ, ಮನೆತನದಲ್ಲಿ ಇರುಳುಗುರುಡು ಇಲ್ಲ.

ರಾತ್ರಿ ಅಂಗಳದಲ್ಲಿ ಬಲ್ಬು ಹಾಕಿಕೊಂಡು ಎಲ್ಲರೂ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಬೆಳಕಿಗೆ ಬಂದ ಹುಳವೊಂದು ಇವನ ಬಲಗಣ್ಣಿಗೆ ಬಿತ್ತು. ಬಲಗಣ್ಣು ಮುಚ್ಚಿಕೊಂಡು ನೀರಿಗೆಂದು ಎದ್ದವನಿಗೆ ಅಂಗಳದ ತುದಿಯ ಮೆಟ್ಟಿಲು ಕಾಣಲಿಲ್ಲ. ಬಲ್ಬಿನ ಬುಡದಲ್ಲಿ ಎಲ್ಲವೂ ಸರಿಯಿತ್ತು, ನೆರಳಿನ ಕಡೆ ತಿರುಗಿದರೆ ಮಸಿ ಬಳಿದ ಹಾಗೆ. ಮರುದಿನ ತಂಗಿ ಮೊಬೈಲಿನ ಫೋಟೋ ಹಿಗ್ಗಿಸಿ ತೋರಿಸಿದಳು: "ಅಣ್ಣಯ್ಯ, ನಿನ್ನ ಎಡಗಣ್ಣಿನ ಪಾಪೆ ಬಲಗಣ್ಣಿಂದಕ್ಕಿಂತ ದೊಡ್ಡದಿದೆ, ನೋಡಿಲ್ಲಿ."

ಒಂದೇ ಕಣ್ಣಿನ ತೊಂದರೆ ಬಹುಪಾಲು ಹೀಗೆಯೇ, ಇನ್ನೊಂದು ಕಣ್ಣು ಆಕಸ್ಮಿಕವಾಗಿ ಮುಚ್ಚಿದಾಗ ಬಯಲಾಗುತ್ತದೆ. ಹಡಗಿನಲ್ಲಿ ಈತ ರಾತ್ರಿ ಪಹರೆ ಮಾಡುತ್ತಿದ್ದ. 7×50 ಬೈನಾಕ್ಯುಲರಿನಲ್ಲಿ ಎರಡೂ ಕಣ್ಣಿಟ್ಟು ಸಮುದ್ರ ನೋಡುವಾಗ ಬಲಗಣ್ಣು ಎಡಗಣ್ಣಿನ ಕೊರತೆಯನ್ನು ತುಂಬಿಕೊಡುತ್ತಿತ್ತು, ಅವನಿಗೆ ಗೊತ್ತೇ ಆಗಲಿಲ್ಲ. ಪಹರೆಯವರಿಗೆ ಒಂದು ಸುಲಭ ಪರೀಕ್ಷೆ ಇದೆ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬಿಟ್ಟು, ಮಂಕಾದ ಒಂದೇ ನಕ್ಷತ್ರವನ್ನು ಮೊದಲು ಒಂದು ಕಣ್ಣಿನಿಂದ, ಆಮೇಲೆ ಇನ್ನೊಂದರಿಂದ ನೋಡಬೇಕು. ಎರಡಕ್ಕೂ ವ್ಯತ್ಯಾಸ ಕಂಡರೆ ಅದನ್ನು ವೈದ್ಯರಿಗೆ ತಿಳಿಸಬೇಕು. ಇದಕ್ಕೆ ಉಪಕರಣ ಬೇಡ, ಖರ್ಚಿಲ್ಲ.

ಶಿವಮೊಗ್ಗಕ್ಕೆ ಹೋಗುವ ಮೊದಲು

ಮೊದಲು ನೋಡಿದ ವೈದ್ಯರ ಮನಸ್ಸಿಗೆ ಬಂದದ್ದು ಮೆದುಳು. ಪಾಪೆಗಳ ಅಳತೆಯಲ್ಲಿ ವ್ಯತ್ಯಾಸ, ನಡುನಡುವೆ ತಲೆನೋವು, ವಯಸ್ಸು ಚಿಕ್ಕದು: ತಲೆಯ ಎಂಆರ್‌ಐ ಮಾಡಿಸಿ ಎಂದು ಚೀಟಿ ಬರೆದರು. ಆಲೋಚನೆ ತಪ್ಪಲ್ಲ, ಮೆದುಳಿನಿಂದ ಪಾಪೆಗೆ ಬರುವ ಮೂರನೇ ನರದ ಮೇಲೆ ಒತ್ತಡ ಬಿದ್ದರೂ ಪಾಪೆ ಅರಳುತ್ತದೆ. ಆದರೆ ಒಂದು ಪ್ರಶ್ನೆ ಬಿಟ್ಟುಹೋಗಿತ್ತು. ಶಿವಮೊಗ್ಗದ ಸ್ಕ್ಯಾನ್ ಕೇಂದ್ರದಲ್ಲಿ ನಮೂನೆ ತುಂಬಿಸುತ್ತಿದ್ದ ತಂತ್ರಜ್ಞೆ ಅದನ್ನು ಕೇಳಿದರು: "ಕಬ್ಬಿಣ ಕಡಿಯೋದು, ಉಜ್ಜೋದು, ಸುತ್ತಿಗೆ ಕೆಲಸ ಏನಾದ್ರೂ ಮಾಡಿದೀರಾ? ಕಣ್ಣಿಗೆ ಯಾವಾಗ್ಲಾದ್ರೂ ಚೂರು ಹೊಡೆದಿತ್ತಾ?" ಈತ "ಹೌದು, ಏಪ್ರಿಲಿನಲ್ಲಿ" ಎಂದ. ಅಲ್ಲಿಗೆ ಎಂಆರ್‌ಐ ನಿಂತಿತು.

ಆ ಪ್ರಶ್ನೆಯನ್ನು ಕೇಳದೇ ಒಳಗೆ ಮಲಗಿಸಿದ್ದರೆ, ಯಂತ್ರದ ಅಯಸ್ಕಾಂತ ಕಣ್ಣೊಳಗಿನ ಉಕ್ಕನ್ನು ಎಳೆದು ತಿರುಗಿಸುತ್ತಿತ್ತು. ಇದು ಬರೀ ಊಹೆಯ ಭಯವಲ್ಲ. ಲೋಹದ ಹಾಳೆ ಕೆಲಸ ಮಾಡುತ್ತಿದ್ದ ವ್ಯಕ್ತಿಯೊಬ್ಬನ ಕಣ್ಣಲ್ಲಿ ವರ್ಷಗಳಿಂದ ಸುಮ್ಮನೆ ಕೂತಿದ್ದ ಚೂರು ಎಂಆರ್‌ಐ ಒಳಗೆ ಸರಿದು, ರಕ್ತಸ್ರಾವವಾಗಿ ಆ ಕಣ್ಣು ಹೋದ ಪ್ರಕರಣ 1986ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಗ್ಯಾರೇಜು, ವೆಲ್ಡಿಂಗ್, ಕಮ್ಮಾರಿಕೆ, ಹಡಗು, ಕಲ್ಲು ಕ್ವಾರಿ, ಇಂಥ ಕಡೆ ಕೆಲಸ ಮಾಡುವಾಗ ಕಣ್ಣಿಗೆ ಚೂರು ಹೊಡೆದಿರಬಹುದಾದವರಿಗೆ ಎಂಆರ್‌ಐಗೆ ಮೊದಲು ಕಣ್ಣಿನ ಎಕ್ಸ್‌ರೇ ಮಾಡಿಸುವ ಪದ್ಧತಿ ಬಂದದ್ದು ಇಂಥ ಅನುಭವಗಳಿಂದ.

ಏಪ್ರಿಲಿನಲ್ಲಿ ಆದದ್ದು

ಉಪ್ಪುಗಾಳಿಯಲ್ಲಿ ಹಡಗಿನ ಡೆಕ್ಕು, ಕಂಬಿ, ಸಂದುಗೊಂದು ಸದಾ ತುಕ್ಕು ಹಿಡಿಯುತ್ತಿರುತ್ತವೆ. ಬಣ್ಣ ಬಳಿಯುವ ಮೊದಲು ತುಕ್ಕು ಕೆತ್ತಿ ತೆಗೆಯುವ ಕೆಲಸಕ್ಕೆ ಹಡಗಿನಲ್ಲಿ ಚಿಪ್ಪಿಂಗ್ ಅನ್ನುತ್ತಾರೆ. ಚಿಪ್ಪಿಂಗ್ ಸುತ್ತಿಗೆ, ಚಾಣ, ತಂತಿ ಬ್ರಷ್, ಗಾಳಿ ಒತ್ತಡದಲ್ಲಿ ಓಡುವ ಸೂಜಿ ಯಂತ್ರ, ಗ್ರೈಂಡರ್ ಎಲ್ಲವೂ ಬಳಕೆಯಲ್ಲಿವೆ. ಆವತ್ತು ಇವನು ಕೆತ್ತುತ್ತಿರಲಿಲ್ಲ. ಎರಡು ಮೀಟರು ದೂರದಲ್ಲಿ ಕೂತು ಪ್ರೈಮರ್ ಕಲಸುತ್ತಿದ್ದ, ಪಕ್ಕದವನು ಚಾಣಕ್ಕೆ ಸುತ್ತಿಗೆ ಹೊಡೆಯುತ್ತಿದ್ದ. ಕನ್ನಡಕ ಹೊಡೆಯುವವನ ಕಣ್ಣಿಗೆ ಮಾತ್ರ ಇತ್ತು. ಎಡಗಣ್ಣಿಗೆ ಚಿಟಿಕೆ ಹೊಡೆದಂತೆ ಆಯಿತು, ನೀರು ಬಂತು, ಕೆಂಪಾಯಿತು. ಸಿಹಿನೀರಿನಲ್ಲಿ ತೊಳೆದುಕೊಂಡ. ಅರ್ಧ ಗಂಟೆಯಲ್ಲಿ ನೋವು ಇಳಿಯಿತು. ಸಂಜೆ ಹಡಗಿನ ವೈದ್ಯಕೀಯ ಸಹಾಯಕರಿಗೆ ತೋರಿಸಿದಾಗ ಟಾರ್ಚಿನ ಬೆಳಕಲ್ಲಿ ಕಪ್ಪುಗುಡ್ಡೆಯ ಮೇಲೆ ಕಸವೇನೂ ಕಾಣಲಿಲ್ಲ, ಅಕ್ಷರದ ಪಟ್ಟಿಯಲ್ಲಿ ಕೊನೆಯ ಸಾಲೂ ಓದಿದ. ಆ್ಯಂಟಿಬಯಾಟಿಕ್ಕಿನ ಜೊತೆ ಸ್ಟೀರಾಯ್ಡ್ ಬೆರೆತ ಹನಿ ಐದು ದಿನಕ್ಕೆ ಸಿಕ್ಕಿತು. ಕೆಂಪು ಹೋಯಿತು. ಗಾಯದ ವರದಿ ಬರೆಯಲೇ ಇಲ್ಲ.

ಇಲ್ಲಿ ಎಲ್ಲರೂ ಎಡವುವ ಜಾಗ ನೋವು. ಕಪ್ಪುಗುಡ್ಡೆಯ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲ್ಮೈಯಲ್ಲಿ ನರಗಳು ದಟ್ಟವಾಗಿವೆ. ಮೇಲೆ ಕಚ್ಚಿಕೊಂಡ ತುಕ್ಕಿನ ಕಣ ಪ್ರತಿ ರೆಪ್ಪೆ ಬಡಿತಕ್ಕೂ ಚುಚ್ಚಿ ಎರಡು ದಿನ ನಿದ್ದೆಗೆಡಿಸುತ್ತದೆ. ಒಳಗೆ ಹೋದ ಚೂರು ಒಂದು ಮಿಲಿಮೀಟರಿನ ತೂತು ಮಾಡಿ ದಾಟಿಬಿಡುತ್ತದೆ, ಅಂಚು ಊದಿಕೊಂಡು ತೂತು ತಾನೇ ಮುಚ್ಚುತ್ತದೆ, ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರವಾದ ರೆಟಿನಾದ ಮೇಲೆ ಬಿದ್ದ ಲೋಹ ನೋಯುವುದೇ ಇಲ್ಲ. ಹಾಗಾಗಿ ಬೇಗ ಶಮನವಾದ ನೋವಿಗೆ ಹೆಚ್ಚು ಹೆದರಬೇಕು. ಪಟ್ಟಿಯ ಲೆಕ್ಕದಲ್ಲಿ ಸಹಜವಾದ 6/6 ದೃಷ್ಟಿಯೂ ಧೈರ್ಯ ಕೊಡುವಂಥದ್ದಲ್ಲ. ನಡು ರೆಟಿನಾಕ್ಕೆ ಪೆಟ್ಟಾಗದಿದ್ದರೆ ಕಣ್ಣೊಳಗೆ ಮೊಳೆ ಇದ್ದರೂ ಪಟ್ಟಿ ಓದಬಹುದು.

ಇನ್ನೊಂದು ತಪ್ಪು ತಿಳಿವಳಿಕೆ: ಕಣ್ಣನ್ನು ತೂರುವುದು ತುಕ್ಕು ಅಂತ. ತುಕ್ಕಿನ ಹಕ್ಕಳೆ ಪೆಡಸು, ಹಗುರ, ಸಾಮಾನ್ಯವಾಗಿ ಮೇಲೆಯೇ ನಿಲ್ಲುತ್ತದೆ. ಒಳಗೆ ಹೋಗುವುದು ಉಪಕರಣದ ಉಕ್ಕು. ಹೊಡೆತ ತಿಂದೂ ತಿಂದೂ ಚಾಣದ ತಲೆ ಅಣಬೆಯ ಹಾಗೆ ಅರಳಿ, ಅಂಚು ಹೊರಗೆ ಮಡಚಿಕೊಳ್ಳುತ್ತದೆ. ಮುಂದಿನ ಹೊಡೆತಕ್ಕೆ ಆ ಅಂಚಿನಿಂದ ಗಟ್ಟಿ ಉಕ್ಕಿನ ಚೂರು ಬಂದೂಕಿನ ಚರೆಯಂತೆ ಹಾರುತ್ತದೆ. ಕಣ್ಣೊಳಗೆ ಲೋಹ ಸೇರುವ ಪ್ರಕರಣಗಳಲ್ಲಿ ಲೋಹದ ಮೇಲೆ ಲೋಹ ಹೊಡೆಯುವುದೇ ಅತಿ ಸಾಮಾನ್ಯ ಕಾರಣ. ಅಡಿಕೆ ಬೇಯಿಸುವ ಒಲೆಗೆ ದಪ್ಪ ಕುಂಟೆ ಸೀಳಲು ಕಬ್ಬಿಣದ ಬೆಣೆಗೆ ಸುತ್ತಿಗೆ ಹೊಡೆಯುವಾಗ ನಮ್ಮ ಹಿತ್ತಿಲಲ್ಲೂ ಆಗುವುದು ಇದೇ. ಬೆಣೆಯ ತಲೆ ಒಮ್ಮೆ ನೋಡಿ ಬನ್ನಿ.

ನೇತ್ರವೈದ್ಯರ ಮೇಜಿನ ಮುಂದೆ

ಬಲಗಣ್ಣು 6/6, ಎಡಗಣ್ಣು 6/9. ಬಲ ಪಾಪೆ 3.5 ಮಿಲಿಮೀಟರ್, ಎಡ ಪಾಪೆ 6, ಬೆಳಕು ಬಿಟ್ಟರೆ ಎಡದ್ದು ಸೋಮಾರಿಯಂತೆ ಸ್ವಲ್ಪವೇ ಕುಗ್ಗುತ್ತದೆ. ಕಣ್ಣಿನ ಒತ್ತಡ ಪಾದರಸದ ಮಿಲಿಮೀಟರಿನಲ್ಲಿ ಬಲಕ್ಕೆ 15, ಎಡಕ್ಕೆ ಸಹಜಕ್ಕಿಂತ ಹೆಚ್ಚು, 24.

ಒಂದೇ ಪಾಪೆ ಅರಳಿದಾಗ ಮಲೆನಾಡಿನ ವೈದ್ಯರು ಮರೆಯಬಾರದ ಕಾರಣ ಉಮ್ಮತ್ತಿ. ಬೇಲಿ ಸವರುವಾಗ ಅದರ ರಸ ಬೆರಳಿಗಂಟಿ ಕಣ್ಣುಜ್ಜಿದರೆ ಪಾಪೆ ಒಂದೆರಡು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಅರಳಿ ನಿಲ್ಲುತ್ತದೆ. ಸಮುದ್ರದವರಿಗೆ ಇದರದ್ದೇ ಇನ್ನೊಂದು ರೂಪವುಂಟು: ಅಲೆಯ ವಾಂತಿ ತಡೆಯಲು ಕಿವಿಯ ಹಿಂದೆ ಅಂಟಿಸುವ ಸ್ಕೋಪಲಮೈನ್ ಪಟ್ಟಿ. ಅದನ್ನು ಮುಟ್ಟಿದ ಬೆರಳು ಕಣ್ಣಿಗೆ ಹೋದರೆ ಇದೇ ಫಲ, ಯಾಕೆಂದರೆ ಉಮ್ಮತ್ತಿಯಲ್ಲಿರುವುದೂ ಸ್ಕೋಪಲಮೈನೇ. ಬೇರ್ಪಡಿಸಲು ಪಾಪೆ ಕುಗ್ಗಿಸುವ ಪೈಲೋಕಾರ್ಪೈನ್ ಹನಿ ಸಾಕು. ಗಿಡದ ಅಥವಾ ಔಷಧಿಯ ಪ್ರಭಾವದಲ್ಲಿರುವ ಪಾಪೆ 1 ಶೇಕಡಾ ಹನಿಗೂ ಸರಿಯಾಗಿ ಕುಗ್ಗುವುದಿಲ್ಲ. ಈತನ ಪಾಪೆ 0.1 ಶೇಕಡಾದ ತೆಳು ಹನಿಗೇ ಕುಗ್ಗಿತು, ಅಂದರೆ ಪಾಪೆಯನ್ನು ಕುಗ್ಗಿಸುವ ನರದ ತುದಿ ಹಾಳಾಗಿದೆ. ಕಬ್ಬಿಣದಿಂದ ಅರಳಿದ ಪಾಪೆಯಲ್ಲಿ ಹೀಗಾಗುವುದು ಗೊತ್ತಿರುವ ಸಂಗತಿ.

ವಿಟಮಿನ್ ಎ ಕೊರತೆ ಎಂದೂ ಒಂದೇ ಕಣ್ಣನ್ನು ಹಿಡಿಯುವುದಿಲ್ಲ, ವಂಶದಲ್ಲಿ ಬರುವ ಇರುಳುಗುರುಡೂ ಸಾಮಾನ್ಯವಾಗಿ ಎರಡೂ ಕಣ್ಣಿನದು. ಒಂದು ಕಣ್ಣಿನ ಇರುಳುಗುರುಡಿಗೆ ಆ ಕಣ್ಣಿನೊಳಗೇ ಕಾರಣ ಹುಡುಕಬೇಕು.

ಕಣ್ಣು ನೋಡುವ ಸೂಕ್ಷ್ಮದರ್ಶಕವಾದ ಸ್ಲಿಟ್ ಲ್ಯಾಂಪಿನಲ್ಲಿ ಕಾರ್ನಿಯಾದ ಅಂಚಿನಲ್ಲಿ, ಗಡಿಯಾರದ 4 ಗಂಟೆಯ ಜಾಗದಲ್ಲಿ, 1 ಮಿಲಿಮೀಟರ್ ಉದ್ದದ ಬಿಳಿ ಕಲೆ ಸಿಕ್ಕಿತು. ಅದರ ಹಿಂದೆ, ಪಾಪೆಯ ಸುತ್ತಲ ಬಣ್ಣದ ಪರದೆಯಾದ ಐರಿಸ್‌ನಲ್ಲಿ ಸೂಜಿತೂತು. ನೇರ ಬೆಳಕಿಗೆ ಅದು ಕಾಣಲಿಲ್ಲ, ಪಾಪೆಯ ಮೂಲಕ ಬೆಳಕು ಬಿಟ್ಟು ರೆಟಿನಾದಿಂದ ಮರಳುವ ಕೆಂಪು ಹೊಳಪಿನಲ್ಲಿ ನೋಡಿದಾಗ ಕೆಂಪು ಚುಕ್ಕಿಯಾಗಿ ಹೊಳೆಯಿತು. ಪಾಪೆ ಅರಳಿಸುವ ಹನಿ ಹಾಕುವ ಮೊದಲೇ ಇದನ್ನು ನೋಡಬೇಕು, ಅರಳಿದ ಮೇಲೆ ಮಡಿಕೆಯಲ್ಲಿ ಮುಚ್ಚಿಹೋಗುತ್ತದೆ. ಮಸೂರದ ಮುಂಭಾಗದ ಪೊರೆಯಡಿ ಕಂದು ಚುಕ್ಕೆಗಳು ಉಂಗುರವಾಗಿ ಕೂತಿದ್ದವು. ಐರಿಸ್ ಬಣ್ಣ ಗಾಢವಾಗುತ್ತದೆ ಎಂದು ಪುಸ್ತಕಗಳಲ್ಲಿ ಓದಿರುತ್ತೇವೆ. ನೀಲಿಗಣ್ಣಿನವರಲ್ಲಿ ಅದು ದೂರಕ್ಕೇ ಕಾಣುತ್ತದೆ, ನಮ್ಮ ಕಡುಕಂದು ಕಣ್ಣುಗಳಲ್ಲಿ ಹುಡುಕಿದರೂ ಸಿಗದು. ನಮ್ಮವರಲ್ಲಿ ಪಾಪೆಯನ್ನೂ ಮಸೂರದ ಚುಕ್ಕೆಯನ್ನೂ ನಂಬಬೇಕು.

ಪಾಪೆ ಅರಳಿಸಿ ಒಳಗೆ ನೋಡಿದಾಗ ರೆಟಿನಾದ ಕೆಳಭಾಗದಲ್ಲಿ, 6 ಗಂಟೆಯ ಜಾಗದಲ್ಲಿ, ಬಿಳಿ ಕೋಶ (ಚೀಲದಂಥ ಹೊದಿಕೆ) ಕಟ್ಟಿಕೊಂಡ ಕಪ್ಪು ವಸ್ತು. ಕಣ್ಣಿನ ಅಲ್ಟ್ರಾಸೌಂಡ್ ಆದ ಬಿ-ಸ್ಕ್ಯಾನ್‌ನಲ್ಲಿ ಶಬ್ದದ ಮಟ್ಟ ಇಳಿಸಿದರೂ ಅದರ ಹೊಳಪು ಆರಲಿಲ್ಲ, ಹಿಂದೆ ನೆರಳು ಬಿತ್ತು. 1 ಮಿಲಿಮೀಟರ್ ಪದರಗಳ ಸಿಟಿಯಲ್ಲಿ 1.5 ಮಿಲಿಮೀಟರಿನ ಲೋಹ, ಕಣ್ಣಿನೊಳಗೇ. ಸಿಟಿ ಇಲ್ಲದ ಕಡೆ ಎಕ್ಸ್‌ರೇಯಲ್ಲೂ ತಿಳಿಯಬಹುದು: ಒಮ್ಮೆ ಮೇಲೆ, ಒಮ್ಮೆ ಕೆಳಗೆ ನೋಡಿಸಿ ಎರಡು ಚಿತ್ರ ತೆಗೆದರೆ, ಕಣ್ಣಿನ ಜೊತೆ ಸರಿಯುವ ಚೂರು ಕಣ್ಣಿನೊಳಗಿದೆ ಎಂದು ಸಾಧಾರಣವಾಗಿ ಹೇಳಬಹುದು. ಬಿದಿರು, ಅಡಿಕೆ ದಬ್ಬೆಯ ಸಿಬಿರು ಬೇರೆಯೇ ಕಥೆ. ಒಣಮರ ಸಿಟಿಯಲ್ಲಿ ಗಾಳಿಯಂತೆ ಕಪ್ಪಾಗಿ ಕಂಡು ಮೋಸ ಮಾಡುತ್ತದೆ, ಅಂಥದ್ದಕ್ಕೆ ಎಂಆರ್‌ಐ ಬೇಕಾಗಬಹುದು. ಲೋಹವಿಲ್ಲ ಎಂದು ಖಚಿತವಾದ ಮೇಲೆ ಮಾತ್ರ.

ಇಆರ್‌ಜಿ, ಅಂದರೆ ಬೆಳಕಿಗೆ ರೆಟಿನಾ ಕೊಡುವ ವಿದ್ಯುತ್ ಉತ್ತರದ ಅಳತೆ. ಎಡಗಣ್ಣಿನ ಬಿ ಅಲೆ ಬಲಗಣ್ಣಿನ ಅರ್ಧದಷ್ಟೇ ಇತ್ತು. ರೋಗನಿರ್ಣಯ: ಸಿಡೆರೋಸಿಸ್, ಕಣ್ಣೊಳಗಿನ ಕಬ್ಬಿಣದ ನಂಜು.

ಕಬ್ಬಿಣ ಮಾಡುವುದೇನು? ಚೂರಿನಿಂದ ಕರಗಿದ ಕಬ್ಬಿಣದ ಅಯಾನುಗಳು ಜೀವಕೋಶದಲ್ಲಿ ಸಹಜವಾಗಿ ಇರುವ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿ ಹೈಡ್ರಾಕ್ಸಿಲ್ ರಾಡಿಕಲ್ ಎಂಬ ಉಗ್ರ ಕಣಗಳನ್ನು ಹುಟ್ಟಿಸುತ್ತವೆ. ಅವು ಕೋಶದ ಪೊರೆಗಳನ್ನು ಸುಡುತ್ತವೆ. ಮಂದ ಬೆಳಕಿನಲ್ಲಿ ನೋಡುವ ರಾಡ್ ಕೋಶಗಳು ಬೇಗ ಬಳಲುವುದರಿಂದ ಮೊದಲು ಇರುಳು ಮಬ್ಬು, ಆಮೇಲೆ ಸುತ್ತಲ ದೃಷ್ಟಿ ಕುಗ್ಗುವುದು. ಕಣ್ಣೊಳಗಿನ ನೀರು ಹೊರಹೋಗುವ ಜಾಲರಿಯಲ್ಲಿ ಕಬ್ಬಿಣ ಕೂತರೆ ಒತ್ತಡ ಏರುತ್ತದೆ, ಇಲ್ಲಿನ 24ಕ್ಕೆ ಅದೇ ವಿವರಣೆ. ಎಲ್ಲ ವಸ್ತುವೂ ಹೀಗಲ್ಲ. ಗಾಜು, ಪ್ಲಾಸ್ಟಿಕ್ ವರ್ಷಗಟ್ಟಲೆ ಸುಮ್ಮನಿರಬಲ್ಲವು. ಶುದ್ಧ ತಾಮ್ರ ಹೊಕ್ಕರೆ ಗಂಟೆಗಳು, ದಿನಗಳಲ್ಲೇ ಕಣ್ಣು ಕೀವುಗಟ್ಟಿದಂತೆ ಉರಿಯುತ್ತದೆ. ಕಬ್ಬಿಣದ್ದು ನಿಧಾನದ ಕೆಲಸ, ವಾರಗಳಿಂದ ವರ್ಷಗಳವರೆಗೆ.

ಒಂದು ಅನುಮಾನ ಉಳಿದಿತ್ತು. ಮನೆಯಲ್ಲಿ ಸೌದೆಯನ್ನೂ ಸೀಳಿದ್ದನಲ್ಲ, ಚೂರು ಅಲ್ಲಿಯದೋ? ಆದರೆ ಅವನು ಊರಿಗೆ ಬಂದು ಹನ್ನೊಂದೇ ದಿನ. ಕಾರ್ನಿಯಾದ ಕಲೆ ಪೂರ್ತಿ ಮಾಗಿತ್ತು, ಚೂರಿನ ಸುತ್ತ ಕೋಶ ಕಟ್ಟಿತ್ತು, ಮಸೂರಕ್ಕೆ ಕಂದು ಇಳಿದಿತ್ತು. ಹನ್ನೊಂದು ದಿನದಲ್ಲಿ ಇಷ್ಟು ಆಗದು. ಈ ವಾಕ್ಯವನ್ನು ವೈದ್ಯರು ವರದಿಯಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟರು. ಗಾಯ ಕರ್ತವ್ಯದ ವೇಳೆ ಆದದ್ದೇ ಎಂಬ ತೀರ್ಮಾನಕ್ಕೆ, ಮುಂದೆ ಅಂಗವೈಕಲ್ಯದ ಪ್ರಶ್ನೆ ಎದ್ದರೆ ಅದಕ್ಕೂ, ಏಪ್ರಿಲಿನಲ್ಲಿ ಬರೆಯದೇ ಹೋದ ಆ ಒಂದು ಪುಟ ಬೇಕಾಗುತ್ತದೆ. ಈಗ ಅದರ ಬದಲು ಕಲೆಯ ಫೋಟೋ, ಸಿಟಿ, ಜೊತೆಯಲ್ಲಿದ್ದವನ ಹೇಳಿಕೆ ಒಟ್ಟುಮಾಡಬೇಕಾಯಿತು. ಅದೇ ದಿನ ಹಡಗಿಗೂ ಸುದ್ದಿ ಮುಟ್ಟಿಸಿದರು.

ಶಸ್ತ್ರಚಿಕಿತ್ಸೆ, ಆಮೇಲೆ ಘಾಟಿ

ಕಣ್ಣಿನಿಂದ ಕಬ್ಬಿಣವನ್ನು ವಿದ್ಯುತ್ ಅಯಸ್ಕಾಂತದಿಂದ ತೆಗೆಯುವುದನ್ನು ಬರ್ಲಿನ್ನಿನ ಯೂಲಿಯಸ್ ಹಿರ್ಷ್‌ಬರ್ಗ್ 1879ರಲ್ಲೇ ಮಾಡಿದ್ದರು. ಹೊರಗಿನಿಂದ ಎಳೆದರೆ ಚೂರು ಯಾವ ದಾರಿಯಲ್ಲಿ ಬರುತ್ತದೆಂಬ ಹಿಡಿತ ಇರುವುದಿಲ್ಲ, ಬರುವಾಗ ರೆಟಿನಾ ಹರಿಯಬಹುದು. ಈಗ ಮೊದಲು ಒಳಗಿನ ಲೋಳೆ ತೆಗೆದು ದಾರಿ ಮಾಡಿಕೊಂಡು, ಕಣ್ಣಾರೆ ಕಂಡು ತೆಗೆಯುತ್ತಾರೆ.

ನೆಂಟರ ಮನೆ ಹತ್ತಿರವೆಂದು ಕರಾವಳಿಯ ಆಸ್ಪತ್ರೆಯೊಂದನ್ನು ಆರಿಸಿಕೊಂಡಿದ್ದರು. 23 ಗೇಜಿನ ಮೂರು ರಂಧ್ರಗಳಲ್ಲಿ ವಿಟ್ರೆಕ್ಟಮಿ, ಅಂದರೆ ಆ ಲೋಳೆ ತೆಗೆಯುವ ಶಸ್ತ್ರಚಿಕಿತ್ಸೆ. ಟ್ರೈಯಾಮ್‌ಸಿನೊಲೋನ್ ಪುಡಿಯಿಂದ ಲೋಳೆಯ ಹಿಂಬದಿ ಪೊರೆಯನ್ನು ಬೆಳ್ಳಗೆ ಕಾಣಿಸಿ, ರೆಟಿನಾದಿಂದ ಬಿಡಿಸಿದರು. ಕೋಶ ಬಿಚ್ಚುವ ಮೊದಲೇ ಅದರ ಸುತ್ತ ಲೇಸರಿನ ಬೇಲಿ ಹಾಕಿದರು, ಬಿಚ್ಚಿದ ಮೇಲೆ ಹಾಕಲು ಹೋದರೆ ರೆಟಿನಾ ಎದ್ದುಬಿಟ್ಟಿರಬಹುದು. ಕೋಶ ಸೀಳಿ, ಕಣ್ಣೊಳಗಿನ ಪುಟ್ಟ ಅಯಸ್ಕಾಂತದಿಂದ ಚೂರನ್ನು ಮೇಲೆತ್ತಿ, ನಡುದಾರಿಯಲ್ಲಿ ಚಿಮುಟಕ್ಕೆ ದಾಟಿಸಿದರು. ಹೊರಬರುವ ರಂಧ್ರವನ್ನು 2 ಮಿಲಿಮೀಟರಿಗೆ ಅಗಲಿಸಿದ್ದರು. ಈ ಅಗಲದಲ್ಲಿ ಜಿಪುಣತನ ಮಾಡಿದರೆ ಚೂರು ಬಾಗಿಲಲ್ಲೇ ಕಳಚಿ ಮತ್ತೆ ಒಳಗೆ, ನಡು ರೆಟಿನಾವಾದ ಮ್ಯಾಕುಲಾದ ಮೇಲೆ ಬೀಳಬಹುದು. ಕೊನೆಗೆ ರೆಟಿನಾದ ಅಂಚನ್ನೆಲ್ಲ ಒತ್ತಿ ನೋಡಿ, 20 ಶೇಕಡಾ ಎಸ್‌ಎಫ್6 (ಸಲ್ಫರ್ ಹೆಕ್ಸಾಫ್ಲೋರೈಡ್) ಅನಿಲ ತುಂಬಿ ಮುಚ್ಚಿದರು. ಮಸೂರವನ್ನು ಮುಟ್ಟಲಿಲ್ಲ.

ಬಿಡುಗಡೆಯ ದಿನ ಮನೆಯವರು ಜೀಪು ತಂದಿದ್ದರು, ಸಂಜೆಯೊಳಗೆ ಆಗುಂಬೆ ಹತ್ತಿ ಮನೆ ಸೇರುವ ಲೆಕ್ಕ. ವೈದ್ಯರು ತಡೆದರು. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರ. ಅಷ್ಟು ಏರಿದರೆ ಗಾಳಿಯ ಒತ್ತಡ ಶೇಕಡಾ 7ರಷ್ಟು ಇಳಿದು, ಕಣ್ಣೊಳಗಿನ ಅನಿಲ ಶೇಕಡಾ 8ರ ಹತ್ತಿರ ಹಿಗ್ಗುತ್ತದೆ. ಕಣ್ಣೊಳಗೆ ಸುಮಾರು 4 ಮಿಲಿಲೀಟರ್ ಜಾಗ ಪೂರ್ತಿ ತುಂಬಿರುವಾಗ ಅದು 0.3 ಮಿಲಿಲೀಟರ್ ಹೆಚ್ಚುವರಿ, ಅದೂ ಅರ್ಧ ಗಂಟೆಯ ಘಾಟಿಯಲ್ಲಿ. ಒಳ್ಳೆಯ ಕಣ್ಣಾದರೆ ನೀರನ್ನು ಹೊರಗೆ ತಳ್ಳಿ ಸರಿದೂಗಿಸಲು ಯತ್ನಿಸುತ್ತದೆ. ಇವನ ಜಾಲರಿ ಮೊದಲೇ ಕಬ್ಬಿಣ ತಿಂದದ್ದು. ಒತ್ತಡ ಏರಿ ರೆಟಿನಾದ ರಕ್ತನಾಳ ಮುಚ್ಚಿದರೆ ಚೂರು ತೆಗೆದದ್ದೂ ವ್ಯರ್ಥ. ಹುಲಿಕಲ್ ಹತ್ತಿದರೂ ಚಾರ್ಮಾಡಿ ಹತ್ತಿದರೂ ಲೆಕ್ಕ ಇದೇ ಜಾತಿಯದು. ಕರಾವಳಿಯಲ್ಲಿ ಕಣ್ಣಿಗೆ ಅನಿಲ ತುಂಬಿಸಿಕೊಂಡ ಮಲೆನಾಡಿನವರೆಲ್ಲ ಬಿಡುಗಡೆಗೆ ಮೊದಲು ತಮ್ಮ ಊರಿನ ಎತ್ತರವನ್ನು ಬಾಯಿಬಿಟ್ಟು ಹೇಳಬೇಕು. ವೈದ್ಯರು ವಿಮಾನ ಬೇಡ ಎನ್ನುವುದನ್ನು ಮರೆಯುವುದಿಲ್ಲ, ಘಾಟಿ ಮರೆತುಹೋಗಬಹುದು.

ಎರಡು ವಾರ ನೆಂಟರ ಮನೆಯಲ್ಲಿ ಉಳಿದ. ಅನಿಲ ಕರಗುತ್ತಾ ಬಂದಂತೆ ನೋಟದಲ್ಲಿ ನೀರಿನ ಮಟ್ಟದಂತೆ ಅಲುಗುವ ಗೆರೆ ದಿನದಿನಕ್ಕೂ ಕೆಳಗಿಳಿದು, ಕೊನೆಗೆ ಗೋಲಿಯಷ್ಟಾಗಿ ಮಾಯವಾಯಿತು. ವೈದ್ಯರು ಪರೀಕ್ಷಿಸಿ ಅನಿಲವಿಲ್ಲ ಎಂದ ಮೇಲೆ ಘಾಟಿ ಹತ್ತಿದ. ಅಷ್ಟೂ ದಿನ ಮಣಿಕಟ್ಟಿಗೆ ಅನಿಲದ ಪಟ್ಟಿ ಕಟ್ಟಿಕೊಂಡಿದ್ದ. ಬೇರೆ ಕಾರಣಕ್ಕೆ ಅರಿವಳಿಕೆ ಕೊಡಬೇಕಾಗಿ ಬಂದರೆ ನೈಟ್ರಸ್ ಆಕ್ಸೈಡ್ ಕೊಡಬಾರದೆಂಬ ಸೂಚನೆ ಅದು.

ಏಪ್ರಿಲಿನಲ್ಲಿ ಏನಾಗಬೇಕಿತ್ತು

ಸಣ್ಣ ಹಡಗುಗಳಲ್ಲಿ ವೈದ್ಯರು ಇರುವುದಿಲ್ಲ, ವೈದ್ಯಕೀಯ ಸಹಾಯಕರ ಮೇಲೆಯೇ ಭಾರ. ಅವರ ಬಳಿ ಸ್ಲಿಟ್ ಲ್ಯಾಂಪೂ ಸಿಟಿಯೂ ಇಲ್ಲದಿದ್ದರೂ ಪ್ರಶ್ನೆ ಇದೆ: ಲೋಹದ ಮೇಲೆ ಲೋಹ ಹೊಡೆಯುವಾಗ ತಗುಲಿತೇ? ಹೌದಾದರೆ ಒಳಗೆ ಹೋಗಿದೆ ಎಂದೇ ಹಿಡಿದು ನಡೆಯಬೇಕು, ಸ್ಕ್ಯಾನಿನ ಚಿತ್ರ ಒಳಗೇನೂ ಇಲ್ಲ ಎಂದು ತೋರಿಸುವ ತನಕ. ಫ್ಲೋರೆಸಿನ್ ಬಣ್ಣದ ಪಟ್ಟಿ ಮುಟ್ಟಿಸಿ ನೀಲಿ ಬೆಳಕಲ್ಲಿ ನೋಡಿದರೆ ಸೋರುವ ಗಾಯದಿಂದ ಹಸಿರು ಬಣ್ಣವನ್ನು ತೊಳೆದುಕೊಂಡು ಇಳಿಯುವ ಕಪ್ಪು ಧಾರೆ ಕಾಣಬಹುದು. ಆದರೆ ಕಾಣದಿದ್ದರೆ ನಿಶ್ಚಿಂತೆ ಎಂದಲ್ಲ, ಮುಚ್ಚಿಕೊಂಡ ಗಾಯ ಸೋರುವುದಿಲ್ಲ.

ಒತ್ತಬಾರದು, ಉಜ್ಜಬಾರದು, ಮುಲಾಮು ಹಾಕಬಾರದು, ಹತ್ತಿ ಇಟ್ಟು ಬಿಗಿಯಬಾರದು. ಕಣ್ಣಿಗೆ ತಾಗದೆ ಸುತ್ತಲ ಎಲುಬಿನ ಮೇಲೆ ಕೂರುವ ಗಟ್ಟಿ ಮುಚ್ಚಳ ಬೇಕು. ಅದಿಲ್ಲದಿದ್ದರೆ ಕಾಗದದ ಲೋಟದ ಬುಡ ಕತ್ತರಿಸಿ ಅಂಟಿಸಿದರೂ ಆಯಿತು. ಹಡಗಿನಲ್ಲಿ ವಾಂತಿಯದೇ ದೊಡ್ಡ ಅಪಾಯ. ಅಲೆ ಇದ್ದರೆ ಮೊದಲು ವಾಂತಿ ತಡೆಯುವ ಔಷಧಿ ಕೊಡಬೇಕು, ಒಂದು ಬಿಗಿಯಾದ ಓಕರಿಕೆ ತೆರೆದ ಕಣ್ಣಿನ ಒಳಭಾಗವನ್ನು ಹೊರದಬ್ಬಬಲ್ಲದು. ಧನುರ್ವಾಯು ಚುಚ್ಚುಮದ್ದು, ರೇಡಿಯೋದಲ್ಲಿ ವೈದ್ಯರ ಸಲಹೆ ಪಡೆದು ಆ್ಯಂಟಿಬಯಾಟಿಕ್ಕಾದ ಮಾಕ್ಸಿಫ್ಲಾಕ್ಸಾಸಿನ್ 400 ಮಿಲಿಗ್ರಾಂ ಮಾತ್ರೆ, ಆಮೇಲೆ ದಡದ ಆಸ್ಪತ್ರೆ. ಸ್ಟೀರಾಯ್ಡ್ ಹನಿ ಈ ಹಂತದಲ್ಲಿ ಕೆಂಪನ್ನು ಅಡಗಿಸಿ ಸಾಕ್ಷ್ಯ ಅಳಿಸುವ ಕೆಲಸ ಮಾಡುತ್ತದೆ.

ಕನ್ನಡಕದ ವಿಷಯದಲ್ಲಿ ಜನ ಶಿಸ್ತಿಲ್ಲದೆ ತಪ್ಪುತ್ತಾರೆ ಅನ್ನುವುದು ಅನ್ಯಾಯ. ಅರಬ್ಬಿ ಸಮುದ್ರದ ಏಪ್ರಿಲಿನ ಸೆಕೆಯಲ್ಲಿ ಐದು ನಿಮಿಷಕ್ಕೆ ಗಾಜು ಬೆವರಿ ಮಬ್ಬಾಗುತ್ತದೆ, ಕಾಣದಿದ್ದವನು ಹಣೆಗೇರಿಸುತ್ತಾನೆ. ಪರಿಹಾರ ಇರುವುದು ಸಾಮಾನಿನಲ್ಲಿ: ಪಾಲಿಕಾರ್ಬೊನೇಟ್ ಮಸೂರದ, ಮುಖಕ್ಕೆ ಪೂರ್ತಿ ಕೂರುವ, ಗಾಳಿಗಂಡಿ ಅಡ್ಡಮುಚ್ಚಳದ ಹಿಂದೆ ಇರುವ, ಮಬ್ಬು ತಡೆಯುವ ಲೇಪದ ಗಾಗಲ್. ಬದಿ ತೆರೆದ ಕನ್ನಡಕ ಚಿಪ್ಪಿಂಗಿಗೆ ಸಾಲದು, ಈತನಿಗೆ ಚೂರು ಬಂದದ್ದೂ ಓರೆಯಿಂದಲೇ. ಗ್ರೈಂಡರ್ ಹಿಡಿದರೆ ಗಾಗಲ್ ಮೇಲೆ ಮುಖದ ಗುರಾಣಿಯೂ ಇರಲಿ. ಉಪ್ಪಿನ ಹರಳು ಕೂತ ಗಾಗಲನ್ನು ಬಟ್ಟೆಯಲ್ಲಿ ಒಣದಾಗಿ ಒರೆಸಿದರೆ ಗೀರು ಬೀಳುತ್ತದೆ, ಮೊದಲು ಸಿಹಿನೀರು. 20–30 ನಿಮಿಷಕ್ಕೆ ಆಳು ಬದಲಿಸಬೇಕು. ಬಣ್ಣ ಕಲಸುವವನಿಗೂ ಏಣಿ ಹಿಡಿದವನಿಗೂ ಅದೇ ಗಾಗಲ್. ಕೆಲಸಕ್ಕೆ ಮೊದಲು ಪ್ರತಿ ಚಾಣದ ತಲೆ ನೋಡಿ, ಅರಳಿದ್ದನ್ನು ಉಜ್ಜಿ ಓರೆ ಮಾಡದ ಹೊರತು ಕೈಗೆ ಕೊಡಬಾರದು.

ಮೂರು ತಿಂಗಳಿಗೆ

ಎಡಗಣ್ಣು ಈಗಲೂ 6/9. ಇಆರ್‌ಜಿ ಬಲಗಣ್ಣಿನ ಅರ್ಧದಿಂದ ಶೇಕಡಾ 60ಕ್ಕೆ ಏರಿದೆ. ಕತ್ತಲೆಯ ಮಬ್ಬು ಸ್ವಲ್ಪ ತಿಳಿಯಾಗಿದೆ ಎನ್ನುತ್ತಾನೆ. ಆಸ್ತಮಾ ಇಲ್ಲವೆಂದು ಖಚಿತಪಡಿಸಿಕೊಂಡು ಕೊಟ್ಟ ಟಿಮೊಲಾಲ್ 0.5 ಶೇಕಡಾ ಹನಿ ದಿನಕ್ಕೆರಡು ಸಲ, ಒತ್ತಡ 17. ಪಾಪೆ 5.5ರಲ್ಲೇ ನಿಂತಿದೆ, ಬಿಸಿಲಿಗೆ ಕಂದು ಕನ್ನಡಕ ಬೇಕು. ಮಸೂರದ ಕಂದು ಚುಕ್ಕೆಗಳು ಹಾಗೆಯೇ ಇವೆ. ವಿಟ್ರೆಕ್ಟಮಿಯಾದ ಕಣ್ಣಿಗೆ ಪೊರೆ ಬೇಗ ಬರುವುದರಿಂದ ಮುಂದೊಂದು ದಿನ ಮಸೂರ ಬದಲಿಸಬೇಕಾದೀತು. ರಾತ್ರಿ ಪಹರೆಯಿಂದ ಸದ್ಯ ಬಿಡುವು. ಹಡಗಿನ ಕರ್ತವ್ಯಕ್ಕೆ ಯಾವ ಮಟ್ಟಿಗೆ ಅರ್ಹನೆಂಬುದನ್ನು ನೌಕಾಪಡೆಯ ವೈದ್ಯಕೀಯ ಮಂಡಳಿ ನಿರ್ಧರಿಸಬೇಕು. ಆ ಕಡತದಲ್ಲಿ ಈಗ ಗಾಯದ ವರದಿಯೂ ಸೇರಿದೆ, ಜೊತೆಗೆ ಪ್ಲಾಸ್ಟಿಕ್ ಡಬ್ಬಿಯೊಳಗೆ, ಅಂಟುಪಟ್ಟಿಯ ಮೇಲೆ ಹೆಸರು ದಿನಾಂಕ ಬರೆದಿಟ್ಟ 1.5 ಮಿಲಿಮೀಟರಿನ ಚೂರು.